ನೆಲದಡಿಯ ಹಾದಿಯ ನಿರ್ಮಾಪಕ

ಫ್ರಾನ್ಸ್ ದೇಶದ ರಾಜಧಾನಿಯಾದ ಪ್ಯಾರಿಸ್ ನಗರವು ಸೇನ್ ನದಿಯ ಎರಡೂ ದಡಗಳಲ್ಲಿ ಹರಡಿಕೊಂಡಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ವೇಳೆಗೆ ಅಲ್ಲಿನ ಜನಸಂಖ್ಯೆ ಸುಮಾರು 25 ಲಕ್ಷವನ್ನು ಮುಟ್ಟಿತ್ತು. ವಿಶಾಲವಾದ ಬೀದಿಗಳೇನೋ ಇದ್ದವು. ಆದರೆ ಕುದುರೆಗಳು ಎಳೆಯುವ ಬಂಡಿಗಳು, ಟ್ರಾಮುಗಳು, ಸರಕಿನ ಗಾಡಿಗಳು ಎಲ್ಲವೂ ಸೇರಿ ಆ ಬೀದಿಗಳು ಕಿಕ್ಕಿರಿದು ತುಂಬಿರುತ್ತಿದ್ದವು. ನಗರದ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಕೆಲಸಕ್ಕೆ ಹೋಗುವ ಕೂಲಿಕಾರನ ಪಾಡು ಹೇಳತೀರದು. ಲಂಡನ್ ನಗರದಲ್ಲಿ 1863ರಲ್ಲಿಯೇ ನೆಲದಡಿಯಲ್ಲಿ ರೈಲು ಓಡತೊಡಗಿದ್ದರೂ ಪ್ಯಾರಿಸ್ಸಿನಲ್ಲಿ ದಶಕಗಳ ಕಾಲ ಬರಿಯ ಚರ್ಚೆಯೇ ನಡೆದಿತ್ತು. ಆ ಚರ್ಚೆಯನ್ನು ಮುಗಿಸಿ, ನಗರದ ಒಡಲಿನಲ್ಲಿ ಹೊಸದೊಂದು ಹಾದಿಯನ್ನು ತೆರೆದ ಕೀರ್ತಿ ಒಂದೇ ಕೈಯಿದ್ದ ಒಬ್ಬ ಎಂಜಿನಿಯರನಿಗೆ ಸಲ್ಲುತ್ತದೆ. ಅವನೇ ಫುಲ್ಜೆನ್ಸ್ ಬಿಯೆನ್ವೆನ್ಯೂ.

ಬಿಯೆನ್ವೆನ್ಯೂ 1852ರ ಜನವರಿ 27ರಂದು ಬ್ರಿಟನಿ ಪ್ರಾಂತದ ಉಜೆಲ್ ಎಂಬ ಸಣ್ಣ ಊರಿನಲ್ಲಿ ಹುಟ್ಟಿದನು. ತಂದೆ ದಸ್ತಾವೇಜುಗಳನ್ನು ಬರೆದು ನೋಂದಾಯಿಸುವ ಅಧಿಕಾರಿ. ತುಂಬಿದ ಮನೆಯ ಹದಿಮೂರನೆಯ ಮಗುವಾದ ಇವನು ಓದಿನಲ್ಲಿ ಚುರುಕಾಗಿದ್ದನು. ಪ್ಯಾರಿಸ್ಸಿನ ಪ್ರಸಿದ್ಧ ಪಾಲಿಟೆಕ್ನಿಕ್ ವಿದ್ಯಾಲಯವನ್ನು ಸೇರಿ, ಅನಂತರ ಸೇತುವೆ ಮತ್ತು ರಸ್ತೆಗಳ ನಿರ್ಮಾಣವನ್ನು ಕಲಿಸುವ ಉನ್ನತ ಶಾಲೆಯಲ್ಲಿ ಶಿಕ್ಷಣವನ್ನು ಮುಗಿಸಿದನು. ಸರಕಾರದ ಎಂಜಿನಿಯರನಾಗಿ ಅಲಾನ್ಸೋನ್ ಎಂಬಲ್ಲಿ ಕೆಲಸಕ್ಕೆ ಸೇರಿದನು. ಆ ಭಾಗದಲ್ಲಿ ಹೊಸ ರೈಲುಮಾರ್ಗಗಳನ್ನು ಹಾಕಿಸುವುದು ಅವನ ಹೊಣೆಯಾಗಿತ್ತು.

1881ರಲ್ಲಿ ಅವನ ಬಾಳಿಗೆ ದೊಡ್ಡದೊಂದು ಆಘಾತ ಒದಗಿತು. ಮಾರ್ಗದ ಕೆಲಸದಲ್ಲಿ ತೊಡಗಿದ್ದಾಗ ರೈಲು ಅಪಘಾತಕ್ಕೆ ಸಿಲುಕಿ ಅವನ ಎಡಗೈ ಜಜ್ಜಿಹೋಯಿತು. ವೈದ್ಯರು ಅದನ್ನು ಕತ್ತರಿಸಿ ತೆಗೆಯಬೇಕಾಯಿತು. ಆಗ ಅವನ ವಯಸ್ಸು ಇಪ್ಪತ್ತೊಂಬತ್ತು. ಬೆಟ್ಟ ಕಣಿವೆಗಳನ್ನು ಹತ್ತಿ ಇಳಿದು, ಅಳತೆ ಮಾಡಿ, ನಕ್ಷೆ ಬರೆಯಬೇಕಾದ ವೃತ್ತಿಯಲ್ಲಿರುವವನಿಗೆ ಕೈ ಕಳೆದುಕೊಳ್ಳುವುದು ಸಾಮಾನ್ಯವಾದ ಕಷ್ಟವಲ್ಲ. ಬಿಯೆನ್ವೆನ್ಯೂ ವೃತ್ತಿಯನ್ನೂ ಬಿಡಲಿಲ್ಲ, ರೈಲನ್ನೂ ಬಿಡಲಿಲ್ಲ. ತನ್ನ ಕೈಯನ್ನು ಕಸಿದುಕೊಂಡ ಆ ರೈಲಿಗಾಗಿಯೇ ಉಳಿದ ಬಾಳಿನ ಬಹುಭಾಗವನ್ನು ಸವೆಸಿದನು.

1886ರಲ್ಲಿ ಅವನು ಪ್ಯಾರಿಸ್ಸಿಗೆ ಬಂದನು. ದೂರದ ಆವ್ರ್ ಮತ್ತು ಲ್ವಾಂಗ್ ನದಿಗಳ ಪ್ರದೇಶದಿಂದ ನಗರಕ್ಕೆ ಕುಡಿಯುವ ನೀರನ್ನು ತರುವ ಕಾಲುವೆಗಳ ಕೆಲಸವನ್ನು ನೋಡಿಕೊಂಡನು. ಬೆಲ್ವಿಲ್ ಎಂಬ ಎತ್ತರದ ಬಡಾವಣೆಗೆ ಹಗ್ಗದ ಸಹಾಯದಿಂದ ಏರುವ ಟ್ರಾಮುಮಾರ್ಗವನ್ನು ನಿರ್ಮಿಸುವುದರಲ್ಲಿಯೂ ಪಾಲುಗೊಂಡನು. ಈ ಕೆಲಸಗಳಿಂದ ನಗರದ ನೆಲ, ನೀರು, ಏರು, ತಗ್ಗುಗಳೆಲ್ಲ ಅವನಿಗೆ ಅಂಗೈರೇಖೆಯಂತೆ ಪರಿಚಿತವಾದವು.

ನೆಲದಡಿಯ ರೈಲಿಗೆ ಅಡ್ಡಿಯಾಗಿದ್ದುದು ಮಣ್ಣು ಬಂಡೆಗಳಿಗಿಂತ ಹೆಚ್ಚಾಗಿ ಮನುಷ್ಯರ ಜಗಳ. ದೇಶದ ದೊಡ್ಡ ರೈಲುಮಾರ್ಗಗಳನ್ನು ನಗರದೊಳಗೆ ಜೋಡಿಸಬೇಕೆಂದು ಸರಕಾರವೂ ರೈಲು ಕಂಪನಿಗಳೂ ಬಯಸಿದ್ದವು. ನಗರದ ರೈಲು ನಗರವಾಸಿಗಳಿಗಾಗಿಯೇ ಇರಬೇಕೆಂದು ನಗರಸಭೆ ಪಟ್ಟು ಹಿಡಿದಿತ್ತು. 1900ರಲ್ಲಿ ನಡೆಯಲಿದ್ದ ಜಾಗತಿಕ ವಸ್ತುಪ್ರದರ್ಶನ ಹತ್ತಿರವಾದಂತೆ ಈ ವಿವಾದವನ್ನು ಬೇಗನೆ ಬಗೆಹರಿಸಬೇಕಾಯಿತು. ಕೊನೆಗೆ ನಗರಸಭೆಯ ಮಾತು ಗೆದ್ದಿತು. ಬಿಯೆನ್ವೆನ್ಯೂ ಸಿದ್ಧಪಡಿಸಿದ ಯೋಜನೆಗೆ 1898ರ ಮಾರ್ಚ್ 30ರಂದು ಕಾನೂನಿನ ಒಪ್ಪಿಗೆ ದೊರೆಯಿತು. ಹಳಿಗಳ ನಡುವಿನ ಅಂತರ ಉಳಿದ ರೈಲುಗಳಂತೆಯೇ ಇದ್ದರೂ ಬೋಗಿಗಳ ಅಗಲವನ್ನು 2.40 ಮೀಟರಿಗೆ ಮಿತಿಗೊಳಿಸಿ, ಅದಕ್ಕೆ ತಕ್ಕಂತೆ ಸುರಂಗವನ್ನು ರಚಿಸಲಾಯಿತು. ಹೀಗಾಗಿ ಹೊರಗಿನ ದೊಡ್ಡ ಬೋಗಿಗಳು ಅದರೊಳಗೆ ನುಗ್ಗುವಂತಿರಲಿಲ್ಲ.

ಅದೇ ವರ್ಷದ ಅಕ್ಟೋಬರ್ ತಿಂಗಳಲ್ಲಿ ಕೆಲಸ ಆರಂಭವಾಯಿತು. ಮನೆಗಳ ತಳಪಾಯಕ್ಕೆ ಧಕ್ಕೆಯಾಗದಂತೆ ಸುರಂಗವನ್ನು ಬಹುಮಟ್ಟಿಗೆ ಬೀದಿಗಳ ಕೆಳಗೇ ಕೊರೆಯಲಾಯಿತು. ಚರಂಡಿಗಳನ್ನೂ ನೀರಿನ ಕೊಳವೆಗಳನ್ನೂ ಪಕ್ಕಕ್ಕೆ ಸರಿಸಬೇಕಾಗಿತ್ತು. ಮೇಲೆ ಬಂಡಿಗಳು ಓಡಾಡುತ್ತಿದ್ದಂತೆಯೇ ಕೆಳಗೆ ಸಾವಿರಾರು ಕೆಲಸಗಾರರು ಮಣ್ಣನ್ನು ಅಗೆದು, ಕಲ್ಲಿನ ಕಮಾನುಗಳನ್ನು ಕಟ್ಟಿದರು. ಬಿಸಿಲು ಕಾಣದ ನಿಲ್ದಾಣಗಳಲ್ಲಿ ಬೆಳಕು ಪ್ರತಿಫಲಿಸಲೆಂದು ಗೋಡೆಗಳಿಗೆ ಬಿಳಿಯ ಹೊಳಪಿನ ಬಿಲ್ಲೆಗಳನ್ನು ಹಾಸಿದರು. ಹೊಗೆಯುಗುಳುವ ಉಗಿಯಂತ್ರದ ಬದಲು ವಿದ್ಯುತ್ತಿನಿಂದ ಓಡುವ ಗಾಡಿಗಳನ್ನು ಆರಿಸಿಕೊಂಡರು. ಎರಡು ವರ್ಷ ತುಂಬುವುದರೊಳಗೆ ಮೊದಲ ಮಾರ್ಗ ಸಿದ್ಧವಾಯಿತು. 1900ರ ಜುಲೈ 19ರಂದು ಪೂರ್ವದ ಪೋರ್ಟ್ ದ ವ್ಯಾನ್ಸೆನ್‌ನಿಂದ ಪಶ್ಚಿಮದ ಪೋರ್ಟ್ ಮಾಯೋವರೆಗಿನ ಸುಮಾರು 10 ಕಿಲೋಮೀಟರ್ ಮಾರ್ಗದಲ್ಲಿ ಜನಸಂಚಾರ ಆರಂಭವಾಯಿತು. ಮೊದಲ ದಿನ ತೆರೆದ ನಿಲ್ದಾಣಗಳು ಎಂಟೇ ಎಂಟು. ಉಳಿದವು ಒಂದೊಂದಾಗಿ ತೆರೆದುಕೊಂಡವು. ಎರಡನೆಯ ದರ್ಜೆಯ ದರ 15 ಸಾಂಟೀಮು. ಬೆಳಗಿನ ಜಾವ ಕೆಲಸಕ್ಕೆ ಹೋಗುವವರಿಗೆ ಹೋಗಿಬರುವ ಚೀಟಿ 20 ಸಾಂಟೀಮಿಗೇ ಸಿಗುತ್ತಿತ್ತು. ನಗರದ ಬಡವನಿಗೂ ವೇಗದ ಪ್ರಯಾಣ ಕೈಗೆಟುಕಿತು.

ಆದರೆ ಈ ಯಶಸ್ಸಿನ ನಡುವೆಯೇ ಘೋರವಾದ ದುರಂತವೊಂದು ನಡೆಯಿತು. 1903ರ ಆಗಸ್ಟ್ 10ರ ಸಂಜೆ ಎರಡನೆಯ ಮಾರ್ಗದ ಗಾಡಿಯೊಂದರಲ್ಲಿ ವಿದ್ಯುತ್ ದೋಷದಿಂದ ಬೆಂಕಿ ಕಾಣಿಸಿಕೊಂಡಿತು. ಪ್ರಯಾಣಿಕರನ್ನು ಇಳಿಸಿ, ಖಾಲಿ ಗಾಡಿಯನ್ನು ಮುಂದಕ್ಕೆ ತಳ್ಳಿಕೊಂಡು ಹೋಗುತ್ತಿರುವಾಗ ಬೆಂಕಿ ಭುಗಿಲೆದ್ದಿತು. ಮರದ ಬೋಗಿಗಳು ಉರಿದು ಸುರಂಗದ ತುಂಬ ದಟ್ಟವಾದ ಹೊಗೆ ಕವಿಯಿತು. ಹಿಂದಿನ ಗಾಡಿ ಕೂರೋನ್ ನಿಲ್ದಾಣದಲ್ಲಿ ನಿಂತಿತ್ತು. ಹೊರಗೆ ಹೋಗಿರೆಂದು ಸಿಬ್ಬಂದಿ ಹೇಳಿದರೂ ಹಲವರು ಚೀಟಿಯ ಹಣಕ್ಕಾಗಿ ವಾದಿಸುತ್ತ ನಿಂತರು. ಅಷ್ಟರಲ್ಲಿ ದೀಪಗಳು ಆರಿಹೋದವು. ಕತ್ತಲೆಯಲ್ಲಿ ದಾರಿ ಕಾಣದೆ, ಬಾಗಿಲಿಲ್ಲದ ಕಡೆಗೆ ಓಡಿದವರು ಉಸಿರುಕಟ್ಟಿ ಬಿದ್ದರು. ಈ ದುರಂತದಲ್ಲಿ 84 ಮಂದಿ ಪ್ರಾಣ ಕಳೆದುಕೊಂಡರು.

ಇಡೀ ಯೋಜನೆಯ ಮೇಲಿನ ನಂಬಿಕೆಯೇ ಅಲುಗಾಡುವ ಗಳಿಗೆ ಅದು. ಸುರಂಗವನ್ನು ಕಟ್ಟುವ ಹೊಣೆ ನಗರದ್ದಾಗಿದ್ದರೆ ಗಾಡಿಗಳನ್ನು ಓಡಿಸುವ ಹೊಣೆ ಕಂಪನಿಯದಾಗಿತ್ತು. ಆದರೆ ತಪ್ಪು ಯಾರದೆಂಬ ವಾದದಿಂದ ಮುಂದಿನ ಪ್ರಯಾಣಿಕನ ಜೀವ ಉಳಿಯದು, ವ್ಯವಸ್ಥೆಯೇ ಬದಲಾಗಬೇಕಾಗಿತ್ತು. ನಿಲ್ದಾಣದ ದೀಪಗಳಿಗೆ ಗಾಡಿಯ ವಿದ್ಯುತ್ತಿನಿಂದ ಬೇರೆಯಾದ ತಂತಿಯನ್ನು ಎಳೆಯಲಾಯಿತು. ಹೊರಬಾಗಿಲನ್ನು ತೋರಿಸುವ ದೀಪಗಳು ಬಂದವು. ಮರದ ಎಂಜಿನ್ ಬೋಗಿಗಳ ಬದಲಿಗೆ ಕ್ರಮೇಣ ಲೋಹದ ಬೋಗಿಗಳು ಬಂದವು. ಬಿಯೆನ್ವೆನ್ಯೂ ಹೊಸ ಮಾರ್ಗಗಳ ಕೆಲಸವನ್ನು ಮುಂದುವರಿಸಿದನು.

ಅವನ ಜಾಣ್ಮೆಗೆ ಕಠಿಣವಾದ ಪರೀಕ್ಷೆಯೊಡ್ಡಿದುದು ಸೇನ್ ನದಿ. ನಾಲ್ಕನೆಯ ಮಾರ್ಗ ನದಿಯ ತಳದಲ್ಲಿಯೇ ಹಾದುಹೋಗಬೇಕಾಗಿತ್ತು. ದಡದ ಮೇಲೆ ಉಕ್ಕಿನ ಬೃಹತ್ ಪೆಟ್ಟಿಗೆಗಳನ್ನು ಜೋಡಿಸಿ, ನೀರಿನ ಮೇಲೆ ತೇಲಿಸಿ ತಂದು, ನಿಗದಿಯಾದ ಜಾಗದಲ್ಲಿ ಮುಳುಗಿಸಲಾಯಿತು. ಪೆಟ್ಟಿಗೆಯ ಅಡಿಯ ಕೋಣೆಗೆ ಒತ್ತಡದಿಂದ ಗಾಳಿಯನ್ನು ತುಂಬಿದಾಗ ನೀರು ಒಳನುಗ್ಗುತ್ತಿರಲಿಲ್ಲ. ಕೆಲಸಗಾರರು ಅಲ್ಲಿ ಕುಳಿತು ನದಿಯ ತಳವನ್ನು ಅಗೆದಂತೆ ಪೆಟ್ಟಿಗೆ ಮೆಲ್ಲಮೆಲ್ಲನೆ ಕೆಳಗಿಳಿಯುತ್ತಿತ್ತು. ದಡದ ಬಳಿಯ ಒಂದು ಕಡೆ ಮಣ್ಣು ಕೆಸರಾಗಿ ಕುಸಿಯುತ್ತಿದ್ದುದರಿಂದ ಕೊಳವೆಗಳಲ್ಲಿ ಅತಿಶೀತಲವಾದ ಲವಣದ್ರಾವಣವನ್ನು ಹರಿಸಿ, ನೆಲವನ್ನೇ ಹೆಪ್ಪುಗಟ್ಟಿಸಿ, ಅನಂತರ ಕೊರೆದರು. 1910ರ ಜನವರಿಯಲ್ಲಿ ಈ ಮಾರ್ಗ ತೆರೆಯಿತು. ಕೆಲವೇ ದಿನಗಳಲ್ಲಿ ಸೇನ್ ನದಿಗೆ ಭೀಕರ ಪ್ರವಾಹ ಬಂದು ಹಲವು ಸುರಂಗಗಳಲ್ಲಿ ನೀರು ತುಂಬಿತು. ನೀರನ್ನು ಹೊರಚೆಲ್ಲಿ, ದುರಸ್ತಿ ಮಾಡಿ, ರೈಲುಗಳನ್ನು ಮತ್ತೆ ಓಡಿಸಲಾಯಿತು.

ಬಿಯೆನ್ವೆನ್ಯೂ 1932ರ ಡಿಸೆಂಬರಿನಲ್ಲಿ, ತನ್ನ ಎಂಬತ್ತನೆಯ ವಯಸ್ಸಿನಲ್ಲಿ ನಿವೃತ್ತನಾದನು. ಮರುವರ್ಷ ನಗರವು ಒಂದು ನಿಲ್ದಾಣಕ್ಕೆ ಅವನ ಹೆಸರನ್ನಿಟ್ಟಿತು. 1936ರ ಆಗಸ್ಟ್ 3ರಂದು ಅವನು ಪ್ಯಾರಿಸ್ಸಿನಲ್ಲಿ ತೀರಿಕೊಂಡನು. ಅವನ ಹೆಸರಿನ ಆ ನಿಲ್ದಾಣ 1942ರಲ್ಲಿ ನೆರೆಯ ನಿಲ್ದಾಣದೊಡನೆ ಕೂಡಿ ಮೋನ್‌ಪಾರ್ನಾಸ್ ಬಿಯೆನ್ವೆನ್ಯೂ ಎಂದಾಯಿತು. ಇಂದು ಪ್ಯಾರಿಸ್ಸಿನ ಮೆಟ್ರೋ 200 ಕಿಲೋಮೀಟರಿಗೂ ಹೆಚ್ಚು ಉದ್ದವಾಗಿ ಬೆಳೆದಿದೆ. ಅದರ ನಿಲ್ದಾಣಗಳು ಮುನ್ನೂರನ್ನು ಮೀರಿವೆ.

ಫ್ರೆಂಚ್ ಭಾಷೆಯಲ್ಲಿ ಅವನ ಹೆಸರನ್ನೇ ಹೋಲುವ ಪದವೊಂದಿದೆ. ಅದರ ಅರ್ಥ ಸುಸ್ವಾಗತ. ಅರಮನೆ, ಗೋಪುರಗಳನ್ನು ಕಟ್ಟಿದವರ ಕೆಲಸ ಎಲ್ಲರ ಕಣ್ಣಿಗೂ ಬೀಳುತ್ತದೆ. ಬಿಯೆನ್ವೆನ್ಯೂವಿನ ಕೆಲಸ ನೆಲದಡಿಯಲ್ಲಿ ಅಡಗಿದೆ. ಆದರೆ ಪ್ರತಿ ಮುಂಜಾನೆ ಲಕ್ಷಾಂತರ ಜನ ಆ ಮೆಟ್ಟಿಲುಗಳನ್ನಿಳಿದು ತಮ್ಮ ತಮ್ಮ ಕೆಲಸಕ್ಕೆ ಸಕಾಲದಲ್ಲಿ ತಲಪುತ್ತಾರೆ. ಅವರಲ್ಲಿ ಹಲವರು ಅವನನ್ನು ನೆನೆಯದಿರಬಹುದು. ಅವನು ತೆರೆದಿಟ್ಟ ಹಾದಿ ಮಾತ್ರ ಅವರೆಲ್ಲರನ್ನೂ ಇಂದಿಗೂ ಸ್ವಾಗತಿಸುತ್ತಲೇ ಇದೆ.