ಉಸಿರು ಅಳೆದು ದುಡಿಮೆ ಲೆಕ್ಕ ಹಾಕಿದ ಲವಾಸಿಯೆ

ಕಳೆದ ಸೆಮಿಸ್ಟರ್‌ನಲ್ಲಿ ನಮ್ಮ ಹಾಸ್ಟೆಲ್‌ನಲ್ಲಿ ಒಂದು ಸ್ಟೆಪ್ಸ್ ಪಂದ್ಯ ನಡೀತು. ವಾರದಲ್ಲಿ ಯಾರ ವಾಚು ಹೆಚ್ಚು ಹೆಜ್ಜೆ ತೋರಿಸುತ್ತೋ ಅವರಿಗೆ ಉಳಿದವರೆಲ್ಲ ಸೇರಿ ಮಸಾಲೆ ದೋಸೆ ಕೊಡಿಸಬೇಕು. ಗೆದ್ದವನು ಮಂಚದ ಮೇಲೆ ಕೂತು ಸಿನಿಮಾ ನೋಡುತ್ತಾ ಕೈ ಅಲ್ಲಾಡಿಸಿಯೇ ಗೆದ್ದಿದ್ದ ಅಂತ ಗೊತ್ತಾಗೋ ಹೊತ್ತಿಗೆ ದೋಸೆ ತಿಂದಾಗಿತ್ತು. ಅದೇ ವಾರ ಪಕ್ಕದ ಹೊಸ ಬ್ಲಾಕ್‌ನಲ್ಲಿ ಕೂಲಿಯವರು ತಲೆ ಮೇಲೆ ಇಟ್ಟಿಗೆ ಹೊತ್ತು, ಎರಡೂ ಕೈಯಲ್ಲಿ ಹಿಡಿದುಕೊಂಡು ಮೂರನೇ ಮಹಡಿಗೆ ಹತ್ತುತ್ತಿದ್ದರು. ನಮ್ಮ ವಾಚನ್ನು ಅವರ ಕೈಗೆ ಕಟ್ಟಿದ್ದರೂ ಅದು ಸರಿಯಾಗಿ ಎಣಿಸುತ್ತಿರಲಿಲ್ಲ. ಕೈ ಆಡಿದರೆ ತಾನೇ ಅದಕ್ಕೆ ಹೆಜ್ಜೆ ಗೊತ್ತಾಗೋದು? ತಲೆ ಮೇಲಿನ ಭಾರವಂತೂ ಅದಕ್ಕೆ ಕಾಣಿಸೋದೇ ಇಲ್ಲ.

ಹಾಗಾದರೆ ಒಬ್ಬ ಮನುಷ್ಯನ ಮೈ ಎಷ್ಟು ದುಡೀತು ಅಂತ ಅಳೆಯೋದು ಹೇಗೆ? ಈ ಪ್ರಶ್ನೆ ಹಿಡಿದು ಹೊರಟ ನಮಗೆ ಸಿಕ್ಕಿದ್ದು ಪಿಯುಸಿ ಕೆಮಿಸ್ಟ್ರಿಯ ಹಳೇ ಪರಿಚಯ, ಆಂಟ್ವಾನ್ ಲವಾಸಿಯೆ. ದ್ರವ್ಯರಾಶಿ ಸಂರಕ್ಷಣೆಯ ನಿಯಮಕ್ಕೆ ಎರಡು ಮಾರ್ಕ್ಸ್ ಬರೆದು ಮರೆತುಬಿಟ್ಟ ಹೆಸರು.

1743ರಲ್ಲಿ ಪ್ಯಾರಿಸ್‌ನಲ್ಲಿ ಹುಟ್ಟಿದ ಲವಾಸಿಯೆ ಓದಿದ್ದು ಕಾನೂನು. ಮನಸ್ಸು ಮಾತ್ರ ವಿಜ್ಞಾನದ ಕಡೆಗೆ. 1768ರಲ್ಲಿ, ಇನ್ನೂ 25 ತುಂಬುವ ಮೊದಲೇ, ಅವನು ವಿಜ್ಞಾನ ಅಕಾಡೆಮಿಗೆ ಆಯ್ಕೆಯಾದ. ಅದೇ ವರ್ಷ ಇನ್ನೊಂದು ಕೆಲಸ ಮಾಡಿದ, ಅದೇ ಕೊನೆಗೆ ಅವನ ಕುತ್ತಿಗೆಗೆ ಬಂತು: ರಾಜನ ಪರವಾಗಿ ತೆರಿಗೆ ವಸೂಲಿ ಮಾಡುವ ಗುತ್ತಿಗೆದಾರರ ಕಂಪನಿಯಲ್ಲಿ ಪಾಲು ಕೊಂಡ. ಉಪ್ಪು, ಹೊಗೆಸೊಪ್ಪು, ಪ್ಯಾರಿಸ್ ಒಳಗೆ ಬರುವ ಸರಕು, ಎಲ್ಲದರ ಮೇಲೂ ಇವರ ಕೈ. ಜನಕ್ಕೆ ಇವರನ್ನು ಕಂಡರಾಗದು. 1771ರಲ್ಲಿ ಅವನು ಮದುವೆಯಾದ ಮೇರಿ ಆನ್ ಕೂಡ ಅಂಥದೇ ಒಬ್ಬ ಗುತ್ತಿಗೆದಾರನ ಮಗಳು. ಅವಳಿಗಾಗ 13 ವರ್ಷ, ಅವನಿಗೆ 28. ಆಕೆ ಇಂಗ್ಲಿಷ್ ಕಲಿತು ಗಂಡನಿಗಾಗಿ ವಿಜ್ಞಾನದ ಬರಹಗಳನ್ನು ಅನುವಾದಿಸಿದಳು, ಚಿತ್ರ ಬರೆಯೋದು ಕಲಿತು ಉಪಕರಣಗಳನ್ನೆಲ್ಲ ಬಿಡಿಸಿಟ್ಟಳು. ಆ ಚಿತ್ರಗಳ ಮಾತು ಮುಂದೆ ಬರುತ್ತೆ.

ಆಕ್ಸಿಜನ್‌ಗೆ ಹೆಸರಿಟ್ಟಿದ್ದು, ಹಳೇ ಫ್ಲಾಜಿಸ್ಟನ್ ಸಿದ್ಧಾಂತವನ್ನು ಕೆಡವಿದ್ದು ನಿಮಗೆ ಗೊತ್ತಿರೋದೇ. ನಾವು ನೇರವಾಗಿ ಗಿನಿ ಹಂದಿಗೆ ಬರೋಣ. 1782–83ರ ಚಳಿಗಾಲದಲ್ಲಿ ಲವಾಸಿಯೆ ಮತ್ತು ಲಾಪ್ಲಾಸ್ (ಹೌದು, ನಮ್ಮ ಎಂ-3ಯ ಲಾಪ್ಲಾಸ್ ಟ್ರಾನ್ಸ್‌ಫಾರ್ಮ್‌ನವನೇ) ಸುತ್ತಲೂ ಮಂಜುಗಡ್ಡೆ ತುಂಬಿದ ಪಾತ್ರೆಯೊಂದನ್ನು ಮಾಡಿಸಿ, ಅದರೊಳಗೆ ಗಿನಿ ಹಂದಿಯನ್ನು ಕೂರಿಸಿದರು. ಅದರ ಮೈಶಾಖಕ್ಕೆ ಎಷ್ಟು ಮಂಜು ಕರಗಿತು ಅಂತ ನೀರನ್ನು ತೂಗಿದರು. 10 ಗಂಟೆಗೆ ಸುಮಾರು 13 ಔನ್ಸ್. ಆ ಪ್ರಾಣಿ ಅಷ್ಟೇ ಹೊತ್ತಿನಲ್ಲಿ ಬಿಟ್ಟ ಇಂಗಾಲದ ಡೈಆಕ್ಸೈಡ್‌ನಷ್ಟೇ ಬರುವ ಹಾಗೆ ಇದ್ದಿಲು ಸುಟ್ಟರೆ ಕರಗೋದು ಹತ್ತು ಚಿಲ್ಲರೆ ಔನ್ಸ್. ಲೆಕ್ಕ ಪೂರ್ತಿ ಕೂಡಲಿಲ್ಲ, ಆದರೆ ದಾರಿ ಕಾಣೋಷ್ಟು ಹತ್ತಿರ ಬಂತು. ಉಸಿರಾಟ ಅಂದ್ರೆ ನಿಧಾನವಾದ ಉರಿಯುವಿಕೆ ಅಂತ ಅವರು ತೀರ್ಮಾನಿಸಿದರು. ಒಲೆಗೆ ಸೌದೆ, ಮೈಗೆ ಅನ್ನ.

ಉರಿ ಅಂದಮೇಲೆ, ಎಷ್ಟು ಆಕ್ಸಿಜನ್ ಖರ್ಚಾಯ್ತು ಅಂತ ಅಳೆದರೆ ಮೈ ಎಷ್ಟು ದುಡೀತು ಅಂತ ಗೊತ್ತಾಗಬೇಕಲ್ಲ? 1789ರ ಹೊತ್ತಿಗೆ ಲವಾಸಿಯೆ ಮನುಷ್ಯನ ಮೇಲೇ ಈ ಪ್ರಯೋಗ ಶುರು ಮಾಡಿದ. ಕೂತವನು ಅವನ ಕಿರಿಯ ಸಹಾಯಕ ಆರ್ಮಾನ್ ಸೆಗ್ಯಾನ್. ಮುಖಕ್ಕೆ ಮಾಸ್ಕು, ಅದಕ್ಕೊಂದು ಕೊಳವೆ, ಪಕ್ಕದಲ್ಲಿ ನಾಡಿ ಹಿಡಿದು ಒಬ್ಬರು.

ಬಂದ ಅಂಕಿಗಳನ್ನು ಇಂದಿನ ಅಳತೆಗೆ ತಂದರೆ ಹೀಗಿವೆ. ಹೊಟ್ಟೆ ಖಾಲಿ, ಸುಮ್ಮನೆ ಕೂತಿದ್ದಾನೆ, ಕೋಣೆ ಬೆಚ್ಚಗಿದೆ: ಗಂಟೆಗೆ 24 ಲೀಟರ್ ಆಕ್ಸಿಜನ್. ಕೋಣೆ ತಂಪಾದರೆ ಸುಮಾರು 27. ಊಟ ಮಾಡಿ ಕೂತರೆ 38ರ ಹತ್ತಿರ. ಆಮೇಲೆ ಖಾಲಿ ಹೊಟ್ಟೆಯಲ್ಲೇ ಕೆಲಸ ಕೊಟ್ಟರು. 7.34 ಕೆಜಿ ತೂಕವನ್ನು 15 ನಿಮಿಷದಲ್ಲಿ ಒಟ್ಟು 200 ಮೀಟರ್ ಎತ್ತಿದ್ದಕ್ಕೆ ಸಮನಾದ ಕೆಲಸ. ಆಗ ಗಂಟೆಗೆ 63 ಲೀಟರ್ ಲೆಕ್ಕದಲ್ಲಿ ಎಳೆದುಕೊಂಡ. ಊಟದ ಮೇಲೆ ಹೆಚ್ಚುಕಮ್ಮಿ ಅಷ್ಟೇ ಕೆಲಸ ಮಾಡಿದಾಗ 91.

ನಾವು ಮೆಕ್ಯಾನಿಕಲ್‌ನವರು ಸುಮ್ಮನಿರೋಕಾಗುತ್ತಾ? ಎಫಿಶಿಯೆನ್ಸಿ ತೆಗೆದು ನೋಡಿದೆವು. ಎತ್ತಿದ ಕೆಲಸ 14 ಕಿಲೋಜೂಲ್ ಚಿಲ್ಲರೆ. ಲೀಟರ್ ಆಕ್ಸಿಜನ್‌ಗೆ 20 ಕಿಲೋಜೂಲ್ ಹಿಡಿದರೆ, ಆ ಕಾಲು ಗಂಟೆಯಲ್ಲಿ ಸೆಗ್ಯಾನ್ ಹೆಚ್ಚುವರಿಯಾಗಿ ಸುಟ್ಟಿದ್ದು ಸುಮಾರು 190. ಅಂದರೆ ಶೇ. 7ರಿಂದ 8. ಬಡಪಾಯಿ. ಈ ಲೆಕ್ಕ ಲವಾಸಿಯೆಗೆ ಸಾಧ್ಯವಿರಲಿಲ್ಲ, ಏಕೆಂದರೆ ಜೂಲ್ ಹುಟ್ಟಿದ್ದೇ 1818ರಲ್ಲಿ. ಆದರೆ ಕೆಲಸ ಹೆಚ್ಚಾದ ಹಾಗೆ ನಾಡಿಬಡಿತ ಹೆಚ್ಚುತ್ತೆ, ಬಡಿತ ಮತ್ತು ಉಸಿರಿನ ಎಣಿಕೆಗೂ ಆಕ್ಸಿಜನ್ ಖರ್ಚಿಗೂ ಸಂಬಂಧ ಇದೆ ಅನ್ನೋದನ್ನು ಅವರಿಬ್ಬರೂ ಕಂಡುಕೊಂಡರು. ನಮ್ಮ ವಾಚಿನ ಹಿಂದೆ ಮಿನುಗುವ ಹಸಿರು ದೀಪ ನಾಡಿ ಎಣಿಸಿ ಕ್ಯಾಲೊರಿ ಅಂದಾಜು ಮಾಡೋದು ಇದೇ ಸಂಬಂಧದ ಬಲದ ಮೇಲೆ. ಕೂತಾಗಿನ ಖರ್ಚನ್ನು ಒಂದು ಅಂತ ಹಿಡಿದು ಕೆಲಸವನ್ನು ಅದರ ಎಷ್ಟು ಪಟ್ಟು ಅಂತ ಹೇಳುವ ಇಂದಿನ ‘ಮೆಟ್’ ಅಳತೆಯಲ್ಲಿ, ಸೆಗ್ಯಾನ್ ಮಾಡಿದ್ದು ಎರಡೂವರೆ ಚಿಲ್ಲರೆ ಮೆಟ್‌ನ ಕೆಲಸ.

ನಮ್ಮನ್ನು ತಡೆದು ನಿಲ್ಲಿಸಿದ್ದು ಈ ಅಂಕಿಗಳಲ್ಲ, ಅವುಗಳ ಜೊತೆ ಲವಾಸಿಯೆ ಅದೇ ಪ್ರಬಂಧದಲ್ಲಿ ಎತ್ತಿದ ಪ್ರಶ್ನೆ. ಮೈಮುರಿದು ದುಡಿಯುವವನ ದೇಹ ಹೆಚ್ಚು ಸುಡುತ್ತೆ, ಅವನಿಗೆ ಹೆಚ್ಚು ಊಟ ಬೇಕು. ಹಾಗಿದ್ದೂ ಅವನ ತಟ್ಟೆಯಲ್ಲಿ ಇರೋದು ಕಮ್ಮಿ. ಕೂತು ಉಣ್ಣುವ ಸಿರಿವಂತನಿಗೆ ಬೇಕಾದ್ದಕ್ಕಿಂತ ಜಾಸ್ತಿ. ಯಾಕೆ ಹೀಗೆ? ಇದು ಪ್ರಕೃತಿಯ ತಪ್ಪಲ್ಲ, ಸಮಾಜದ ವ್ಯವಸ್ಥೆಯಿಂದ ಸರಿಪಡಿಸಬೇಕಾದ್ದು ಅನ್ನೋದು ಅವನ ನಿಲುವು. ಭಾಷಣ ಮಾಡುವವನ, ಯೋಚನೆ ಮಾಡುತ್ತಾ ಕೂತ ತತ್ತ್ವಜ್ಞಾನಿಯ ಶ್ರಮವನ್ನೂ ಕೂಲಿಯವನ ಶ್ರಮದ ಜೊತೆ ಒಂದೇ ತಕ್ಕಡಿಯಲ್ಲಿ ತೂಗಬಹುದು ಅಂತಲೂ ಅವನಿಗೆ ಅನ್ನಿಸಿತ್ತು.

ಇದನ್ನು ಬರೆದವನು ಉಪ್ಪಿನ ತೆರಿಗೆಯ ಪಾಲುದಾರ! ತೆರಿಗೆ ಕೊಡದೆ ಸರಕು ನುಸುಳಬಾರದು ಅಂತ ಪ್ಯಾರಿಸ್ ಸುತ್ತ ಗೋಡೆ ಕಟ್ಟಿಸುವ ಸಲಹೆ ಕೊಟ್ಟವನೂ ಇವನೇ. ಅವನ ಪ್ರಯೋಗಶಾಲೆಯ ಗಾಜು, ಹಿತ್ತಾಳೆ, ತಕ್ಕಡಿ ಎಲ್ಲದರ ದುಡ್ಡಿನಲ್ಲೂ ಆ ಕೂಲಿಯವನ ತಟ್ಟೆಯಿಂದ ಬಂದ ಪಾಲಿತ್ತು. ಅವನನ್ನು ಬರೀ ಹುತಾತ್ಮ ಅಂತ ಬರೆಯೋಕೆ ನಮಗೆ ಕೈ ಬರಲ್ಲ. ಕಪಟಿ ಅನ್ನೋಕೂ ಬರಲ್ಲ. ಆ ಅಸಮಾನತೆಗೆ ಅಂಕಿ ಹುಡುಕಿ ಕೊಟ್ಟವನು ಅವನೇ ತಾನೆ.

ಕ್ರಾಂತಿ ಜೋರಾಯ್ತು. ಮೊದಮೊದಲು ಹೊಸ ಸರ್ಕಾರಕ್ಕೂ ಅವನು ಬೇಕಿತ್ತು, ಮೆಟ್ರಿಕ್ ಪದ್ಧತಿಗಾಗಿ ನೀರನ್ನು ತೂಗಿಕೊಟ್ಟ. 1793ರ ಆಗಸ್ಟ್‌ನಲ್ಲಿ ಅಕಾಡೆಮಿಯನ್ನೇ ಮುಚ್ಚಿದರು, ನವೆಂಬರ್‌ನಲ್ಲಿ ತೆರಿಗೆ ಗುತ್ತಿಗೆದಾರರನ್ನು ಹಿಡಿದು ಹಾಕಿದರು. 1794ರ ಮೇ 8ರಂದು ವಿಚಾರಣೆ, ಅದೇ ದಿನ ಗಿಲೊಟಿನ್. 28 ಮಂದಿ. ಮೇರಿ ಆನ್ ಒಂದೇ ದಿನ ಅಪ್ಪನನ್ನೂ ಗಂಡನನ್ನೂ ಕಳೆದುಕೊಂಡಳು. ಲವಾಸಿಯೆಗೆ 50 ವರ್ಷ. ಉಸಿರಾಟದ ಪ್ರಯೋಗಗಳು ಅರ್ಧಕ್ಕೇ ನಿಂತವು.

ಉಳಿದ ಬರಹಗಳನ್ನು ಪುಸ್ತಕ ಮಾಡಿಸೋಕೆ ಆಕೆ ಹೊರಟಾಗ ಸೆಗ್ಯಾನ್‌ಗೂ ಆಕೆಗೂ ಸರಿಬರಲಿಲ್ಲ. ಅವನಾಗಲೇ ಸೈನ್ಯಕ್ಕೆ ಚರ್ಮ ಹದಮಾಡಿ ಕೊಟ್ಟು ದೊಡ್ಡ ಸಾಹುಕಾರನಾಗಿದ್ದ. ಕೊನೆಗೆ ಮುನ್ನುಡಿಯನ್ನು ತಾನೇ ಬರೆದು ಹೊರತಂದಳು.

ಆ ಪ್ರಯೋಗದ ಎರಡು ಚಿತ್ರಗಳು ಉಳಿದಿರೋದೂ ಆಕೆಯಿಂದಲೇ. ಒಂದರಲ್ಲಿ ಸೆಗ್ಯಾನ್ ಸುಮ್ಮನೆ ಕೂತಿದ್ದಾನೆ, ಇನ್ನೊಂದರಲ್ಲಿ ಕಾಲಲ್ಲಿ ಪೆಡಲ್ ಒತ್ತುತ್ತಿದ್ದಾನೆ. ಒಂದು ಪಕ್ಕದಲ್ಲಿ ಸಣ್ಣ ಮೇಜಿನ ಮುಂದೆ ಕೂತು ಲೆಕ್ಕ ಬರೆದುಕೊಳ್ಳುತ್ತಿರುವ ಹೆಂಗಸೊಬ್ಬಳಿದ್ದಾಳೆ. ಅದು ಆಕೆಯೇ.