ಗೆರೆಯಲ್ಲೂ ನುಡಿಯಲ್ಲೂ ನಗಿಸಿದ ವಿಜ್ಞಾನಿ: ಡಾ. ಬಿ.ಜಿ.ಎಲ್. ಸ್ವಾಮಿ

ಸೇಲಂ, ಧರ್ಮಪುರಿ ಜಿಲ್ಲೆಗಳ ಅನೇಕ ಕನ್ನಡ ಮನೆಗಳಲ್ಲಿ ಮಾತು ಉಳಿದಿದೆ, ಅಕ್ಷರ ದೂರವಾಗುತ್ತಿದೆ. ಮನೆಯಲ್ಲಿ ಕನ್ನಡ ಕೇಳಿ, ಶಾಲೆಯಲ್ಲಿ ತಮಿಳು ಇಲ್ಲವೇ ಇಂಗ್ಲಿಷ್ ಓದುವ ಮಕ್ಕಳ ಕೈಗೆ ಯಾವ ಪುಸ್ತಕ ಕೊಡಬೇಕೆಂದು ಯೋಚಿಸುವಾಗ, ತಮಿಳುನಾಡಿನಲ್ಲಿಯೇ ದೀರ್ಘಕಾಲ ಬಾಳಿ ಕನ್ನಡದಲ್ಲಿ ಬರೆದ ಡಾ. ಬಿ.ಜಿ.ಎಲ್. ಸ್ವಾಮಿಯವರ ನೆನಪಾಗುವುದು ಸಹಜ.

ಸ್ವಾಮಿಯವರು ಬೆಂಗಳೂರಿನಲ್ಲಿ ಜನಿಸಿದರು. ತಂದೆ ಡಿ.ವಿ. ಗುಂಡಪ್ಪನವರು. ಸೆಂಟ್ರಲ್ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿತು, ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಇರ್ವಿಂಗ್ ಬೇಲಿಯವರೊಡನೆ ಸಂಶೋಧನೆ ನಡೆಸಿದರು. ಮುಂದೆ ತಾವು ವಿವರಿಸಿದ ಒಂದು ಸಸ್ಯಕ್ಕೆ ಆ ಗುರುವಿನ ಹೆಸರನ್ನೇ ಇಟ್ಟರು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿ, ಪ್ರಾಂಶುಪಾಲರಾಗಿ ಸೇವೆ ಸಲ್ಲಿಸಿದರು. ತಮಿಳಿನ ಪ್ರಾಚೀನ ಸಾಹಿತ್ಯದ ಕಾಲನಿರ್ಣಯವನ್ನು ಪ್ರಶ್ನಿಸಿ ಅವರು ಮಂಡಿಸಿದ ವಾದಗಳನ್ನು ಎಲ್ಲರೂ ಒಪ್ಪಲಿಲ್ಲ. ಆ ನಾಡಿನ ಅನುಭವಗಳ ಕೃತಿಗೆ ‘ತಮಿಳು ತಲೆಗಳ ನಡುವೆ’ ಎಂದು ಹೆಸರಿಟ್ಟರು.

ಶೀರ್ಷಿಕೆಯಲ್ಲಿಯೇ ಆಟ ಹೂಡುವುದು ಅವರ ರೀತಿ. ಉಪನಿಷತ್ತಿನ ಹೆಸರಾದ ‘ಬೃಹದಾರಣ್ಯಕ’ ಸಸ್ಯಶಾಸ್ತ್ರಜ್ಞನ ಪುಸ್ತಕದ ಮೇಲೆ ಬಂದಾಗ ಅದರೊಳಗಿನ ಅರಣ್ಯ ಎದ್ದು ಕಾಣುತ್ತದೆ. ‘ಫಲಶ್ರುತಿ’ಯಲ್ಲಿ ಹಣ್ಣು ಇಣುಕುತ್ತದೆ. ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ’ ಎಂಬ ಹೆಸರಂತೂ ಕುಂಚವಿಲ್ಲದೆ ಬರೆದ ವಿನೋದಚಿತ್ರ. ಆಲೂಗಡ್ಡೆ, ನೆಲಗಡಲೆಗಳನ್ನು ಉಣ್ಣುವವನ ಹೊಟ್ಟೆಯಲ್ಲಿ ಒಂದು ಖಂಡದ ಭೂಪಟವೇ ಮೂಡುತ್ತದೆ. ಸೇಲಂ ಸೀಮೆಯ ಸಬ್ಬಕ್ಕಿಗೆ ಆಧಾರವಾದ ಮರಗೆಣಸೂ ಆ ಖಂಡದಿಂದಲೇ ಬಂದದ್ದು.

ಲೇಖನಿ ಹಿಡಿದ ಕೈಯೇ ಚಿತ್ರವನ್ನೂ ಬರೆಯಿತು. ವಿದ್ಯಾರ್ಥಿಗಳೊಡನೆ ಕಾಡು ಸುತ್ತಿದ ಕಥನವಾದ ‘ಹಸುರು ಹೊನ್ನು’ 1976ರಲ್ಲಿ ಪ್ರಕಟವಾಯಿತು. ಅದರ ರೇಖಾಚಿತ್ರಗಳು ಅವರವೇ. ಛಾಯಾಚಿತ್ರವು ಎದುರಿಗಿರುವುದನ್ನೆಲ್ಲ ಹಿಡಿಯುತ್ತದೆ. ಸಸ್ಯಶಾಸ್ತ್ರಜ್ಞನ ಗೆರೆ ಎಲೆಯ ನರ, ಹೂವಿನ ಎಸಳು, ಕಾಯಿಯ ಸೀಳುಗಳಲ್ಲಿ ಬೇಕಾದುದನ್ನಷ್ಟೇ ಆರಿಸುತ್ತದೆ. ಅಚ್ಚುಮೊಳೆಯ ಕಾಲದಲ್ಲಿ ಇದಕ್ಕೆ ಇನ್ನೊಂದು ಅನುಕೂಲವೂ ಇತ್ತು. ಗೆರೆಚಿತ್ರದ ಸತುವಿನ ಪಡಿಯಚ್ಚನ್ನು ಅಕ್ಷರಗಳ ಪಕ್ಕದಲ್ಲಿಯೇ ಕೂಡಿಸಿ, ಸಾಧಾರಣ ಕಾಗದದ ಮೇಲೆ ಒಟ್ಟಿಗೆ ಮುದ್ರಿಸಬಹುದಾಗಿತ್ತು. ಹೀಗೆ ಗಿಡವೂ ಅದರ ಹೆಸರೂ ಒಂದೇ ಪುಟದಲ್ಲಿ ನೆರೆಹೊರೆಯಾದವು.

‘ಹಸುರು ಹೊನ್ನು’ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. ನಿವೃತ್ತಿಯ ಬಳಿಕ ಮೈಸೂರಿನಲ್ಲಿ ನೆಲೆಸಿದ್ದ ಸ್ವಾಮಿಯವರು 1980ರ ನವೆಂಬರ್ 2ರಂದು ನಿಧನರಾದರು.

ಹಳದಿ ಹೂವಿನ ಆವರಿಕೆಯನ್ನು ನಮ್ಮ ಮಕ್ಕಳು ಬಲ್ಲರು. ತಮಿಳಿನಲ್ಲಿ ಅದು ಆವಾರಂ. ಗಿಡದ ಚಿತ್ರವನ್ನು ಗುರುತಿಸಿದ ಮಗು ಅದರ ಕೆಳಗಿನ ಕನ್ನಡ ಹೆಸರನ್ನು ಊಹಿಸಿಯಾದರೂ ಓದುತ್ತದೆ. ಅಕ್ಷರ ಮರಳಿ ಬರಲು ಅದೂ ಒಂದು ದಾರಿ. ಮನೆಯ ಕಪಾಟಿನಲ್ಲಿ ಸ್ವಾಮಿಯವರ ಪುಸ್ತಕವೊಂದಿದ್ದರೆ ಆ ದಾರಿ ಇಂದಿಗೂ ತೆರೆದೇ ಇದೆ.