ಭದ್ರಾವತಿಯ ಶಿಲ್ಪಿ

ಕಬ್ಬಿಣವು ಕನ್ನಡ ನಾಡಿಗೆ ಹೊಸದಲ್ಲ. ಗುಬ್ಬಿ, ಚಿಕ್ಕನಾಯಕನಹಳ್ಳಿ ಸೀಮೆಯ ಗುಡ್ಡಗಳಲ್ಲಿ ಅದರ ಅದಿರು ಹೇರಳವಾಗಿದೆ. ಅಂತಹ ಅದಿರನ್ನು ಇದ್ದಿಲಿನೊಡನೆ ಮಣ್ಣಿನ ಕುಲುಮೆಯಲ್ಲಿ ಕಾಯಿಸಿ, ತಿದಿಯೊತ್ತಿ, ಕಬ್ಬಿಣವನ್ನು ತೆಗೆಯುವ ವಿದ್ಯೆ ನಮ್ಮವರಿಗೆ ಬಹು ಹಿಂದಿನಿಂದಲೂ ತಿಳಿದಿತ್ತು. ಕಡಬ, ಗುಬ್ಬಿಗಳಂತಹ ಊರುಗಳಲ್ಲಿ ರೈತನ ನೇಗಿಲ ಗುಳವೂ ಕುಡುಗೋಲೂ ಸಿದ್ಧವಾಗುತ್ತಿದ್ದುದು ಕಮ್ಮಾರನ ಅಡಿಗಲ್ಲಿನ ಮೇಲೆ. 1800ರಲ್ಲಿ ಮೈಸೂರು ಸೀಮೆಯನ್ನು ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಇಲ್ಲಿನ ಕುಲುಮೆಗಳನ್ನೂ, ಚನ್ನಪಟ್ಟಣದಲ್ಲಿ ವಾದ್ಯಗಳಿಗಾಗಿ ಉಕ್ಕಿನ ತಂತಿಯನ್ನೆಳೆಯುವ ಕುಶಲಿಗಳನ್ನೂ ಕುರಿತು ವಿವರವಾಗಿ ಬರೆದಿಟ್ಟಿದ್ದಾನೆ. ಆದರೆ ಯಂತ್ರಗಳಿಂದ ತಯಾರಾದ ವಿದೇಶದ ಅಗ್ಗದ ಕಬ್ಬಿಣವು ಬಂದಿಳಿದಾಗ ಈ ಕುಲುಮೆಗಳು ಒಂದೊಂದಾಗಿ ಆರಿಹೋದವು. ಆರಿದ ಬೆಂಕಿಯನ್ನು ಹೊಸ ಕಾಲಕ್ಕೆ ತಕ್ಕಂತೆ ಮತ್ತೆ ಹೊತ್ತಿಸಿದವರು ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು.

ವಿಶ್ವೇಶ್ವರಯ್ಯನವರ ಹುಟ್ಟೂರು ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿ. ತಂದೆ ಶ್ರೀನಿವಾಸ ಶಾಸ್ತ್ರಿಗಳು, ತಾಯಿ ವೆಂಕಟಲಕ್ಷ್ಮಮ್ಮನವರು. ಚಿಕ್ಕಂದಿನಲ್ಲಿಯೇ ತಂದೆಯನ್ನು ಕಳೆದುಕೊಂಡ ಅವರು ಬೆಂಗಳೂರಿನಲ್ಲಿ ಮಕ್ಕಳಿಗೆ ಪಾಠ ಹೇಳಿ ತಮ್ಮ ವಿದ್ಯಾಭ್ಯಾಸವನ್ನು ಮುಂದುವರಿಸಿದರು. ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಪದವಿಯನ್ನು ಪಡೆದ ಬಳಿಕ ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಿಂದ ಪುಣೆಯಲ್ಲಿ ಇಂಜಿನಿಯರಿಂಗ್ ವ್ಯಾಸಂಗ ಮಾಡಿ, 1883ರ ಪರೀಕ್ಷೆಯಲ್ಲಿ ಪ್ರಥಮ ಸ್ಥಾನವನ್ನು ಗಳಿಸಿದರು. ಮರುವರ್ಷವೇ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಯನ್ನು ಸೇರಿದರು.

ಕಟ್ಟಡ, ಕಾಲುವೆಗಳೊಡನೆ ಲೋಹದ ಕೆಲಸದಲ್ಲಿಯೂ ಅವರ ಬುದ್ಧಿ ಓಡುತ್ತಿತ್ತು. ಪುಣೆಯ ಸಮೀಪದ ಖಡಕ್‌ವಾಸ್ಲಾ ಜಲಾಶಯಕ್ಕೆ 1903ರಲ್ಲಿ ಅವರು ಯೋಜಿಸಿದ ಸ್ವಯಂಚಾಲಿತ ಬಾಗಿಲುಗಳನ್ನು ಅಳವಡಿಸಲಾಯಿತು. ನೀರು ಗೊತ್ತಾದ ಮಟ್ಟವನ್ನು ಮೀರಿದಾಗ ಆ ಬಾಗಿಲುಗಳು ತಾವಾಗಿಯೇ ತೆರೆದುಕೊಂಡು, ಪ್ರವಾಹ ಇಳಿದಾಗ ತಾವಾಗಿಯೇ ಮುಚ್ಚಿಕೊಳ್ಳುತ್ತಿದ್ದವು. ಅಣೆಕಟ್ಟನ್ನು ಎತ್ತರಿಸದೆಯೇ ಹೆಚ್ಚು ನೀರನ್ನು ನಿಲ್ಲಿಸುವುದು ಇದರಿಂದ ಸಾಧ್ಯವಾಯಿತು. ಈ ಯುಕ್ತಿಗೆ ಹಕ್ಕುಪತ್ರ ದೊರೆತರೂ ಅದರಿಂದ ಬರಬಹುದಾದ ಹಣವನ್ನು ಅವರು ಬಯಸಲಿಲ್ಲ.

1898ರಲ್ಲಿ ಅವರು ಜಪಾನಿಗೆ ಹೋಗಿಬಂದರು. ಚಿಕ್ಕ ದೇಶವೊಂದು ವಿದ್ಯೆಯಿಂದಲೂ ಕೈಗಾರಿಕೆಯಿಂದಲೂ ತಲೆಯೆತ್ತಿ ನಿಂತುದನ್ನು ಕಣ್ಣಾರೆ ಕಂಡರು. 1909ರಲ್ಲಿ ಮೈಸೂರಿನ ಮುಖ್ಯ ಇಂಜಿನಿಯರಾಗಿ, 1912ರಲ್ಲಿ ದಿವಾನರಾಗಿ ನೇಮಕಗೊಂಡಾಗ ಈ ಅನುಭವವೇ ಅವರಿಗೆ ದಾರಿದೀಪವಾಯಿತು. ಬ್ಯಾಂಕು, ವಿಶ್ವವಿದ್ಯಾನಿಲಯಗಳು ಸ್ಥಾಪನೆಗೊಂಡವು. 1917ರಲ್ಲಿ ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಕಾಲೇಜು ಆರಂಭವಾಯಿತು. ಆದರೆ ಯಂತ್ರಗಳಿಗೆಲ್ಲ ಮೂಲವಾದ ಕಬ್ಬಿಣವೇ ಪರರ ಕೈಯಲ್ಲಿರುವಾಗ ಕೈಗಾರಿಕೆಯು ಬೇರೂರುವುದಾದರೂ ಹೇಗೆ? ಈ ಪ್ರಶ್ನೆಗೆ ಉತ್ತರವಾಗಿ ರೂಪುಗೊಂಡುದೇ ಭದ್ರಾವತಿಯ ಯೋಜನೆ.

ಮೈಸೂರಿನಲ್ಲಿ ಅದಿರಿತ್ತು, ಆದರೆ ಕಲ್ಲಿದ್ದಲು ಇರಲಿಲ್ಲ. ದೂರದಿಂದ ತರಿಸಿದರೆ ವೆಚ್ಚವು ಮಿತಿಮೀರುತ್ತಿತ್ತು. ಮಲೆನಾಡಿನ ಮರವನ್ನು ಸುಟ್ಟು ಪಡೆದ ಇದ್ದಿಲನ್ನೇ ಬಳಸಬೇಕೆಂಬ ನಿರ್ಧಾರವಾಯಿತು. ಜಮ್‌ಷೆಡ್‌ಪುರದ ಟಾಟಾ ಕಾರ್ಖಾನೆಗೆ ಸಲಹೆಗಾರರಾಗಿದ್ದ ಅಮೆರಿಕದ ಸಿ. ಪಿ. ಪೆರಿನ್ ಅವರ ನೆರವನ್ನು ಪಡೆಯಲಾಯಿತು. ಬಾಬಾಬುಡನ್ ಶ್ರೇಣಿಯ ಕೆಮ್ಮಣ್ಣುಗುಂಡಿಯಿಂದ ಅದಿರು, ಹತ್ತಿರದ ಭಂಡಿಗುಡ್ಡದಿಂದ ಸುಣ್ಣಕಲ್ಲು, ಸುತ್ತಣ ಕಾಡಿನಿಂದ ಮರ, ಮಗ್ಗುಲಲ್ಲಿಯೇ ಭದ್ರಾನದಿಯ ನೀರು: ಹೀಗೆ ಭದ್ರಾವತಿಯು ತಕ್ಕ ಸ್ಥಳವಾಯಿತು. ಮರವನ್ನು ಮುಚ್ಚಿದ ಪಾತ್ರೆಗಳಲ್ಲಿ ಸುಡುವಾಗ ಹೊರಡುವ ಹೊಗೆಯನ್ನು ವ್ಯರ್ಥಗೊಳಿಸದೆ, ಅದರಿಂದ ಮದ್ಯಸಾರ, ಡಾಂಬರು ಮುಂತಾದ ಉಪವಸ್ತುಗಳನ್ನು ತೆಗೆಯುವ ಏರ್ಪಾಡೂ ಸಿದ್ಧವಾಯಿತು. 1923ರ ಜನವರಿಯಲ್ಲಿ ಊದುಕುಲುಮೆಯಿಂದ ಬೀಡುಕಬ್ಬಿಣವು ಹರಿದು ಬಂದಿತು.

ಆದರೆ ಆ ಸಂತೋಷವು ಬಹುಕಾಲ ನಿಲ್ಲಲಿಲ್ಲ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಏರಿದ್ದ ಕಬ್ಬಿಣದ ಬೆಲೆ ಯುದ್ಧಾನಂತರ ಕುಸಿದುಬಿದ್ದಿತ್ತು. ಪ್ರಜೆಗಳ ತೆರಿಗೆಯ ಹಣವನ್ನು ಕುಲುಮೆಗೆ ಸುರಿದಂತಾಯಿತೆಂದು ಟೀಕಾಕಾರರು ಆಕ್ಷೇಪಿಸಿದರು. ಇಷ್ಟು ಹೊತ್ತಿಗೆ ವಿಶ್ವೇಶ್ವರಯ್ಯನವರು ದಿವಾನಗಿರಿಯನ್ನು ಬಿಟ್ಟು ನಾಲ್ಕು ವರ್ಷಗಳಿಗೂ ಮೇಲಾಗಿತ್ತು. ಹೊಣೆ ತಮ್ಮದಲ್ಲವೆಂದು ಅವರು ಸುಮ್ಮನಿರಬಹುದಾಗಿತ್ತು. ಹಾಗೆ ಮಾಡದೆ, ಸರ್ಕಾರದ ಕೋರಿಕೆಯಂತೆ 1923ರಲ್ಲಿ ಕಾರ್ಖಾನೆಯ ಆಡಳಿತ ಮಂಡಲಿಯ ಅಧ್ಯಕ್ಷತೆಯನ್ನು ವಹಿಸಿಕೊಂಡರು. ಆಗ ಅವರಿಗೆ ಅರವತ್ತು ವರ್ಷ ದಾಟಿತ್ತು.

ಪ್ರತಿಯೊಂದು ವಿಭಾಗದ ಖರ್ಚನ್ನೂ ಅವರು ಸೂಕ್ಷ್ಮವಾಗಿ ಪರಿಶೀಲಿಸಿದರು. ಹೆಚ್ಚಿನ ಸಂಬಳದ ವಿದೇಶೀ ತಜ್ಞರ ಸ್ಥಾನಗಳಿಗೆ ನಮ್ಮ ತರುಣರನ್ನು ತರಬೇತುಗೊಳಿಸಿ ಕ್ರಮವಾಗಿ ನೇಮಿಸಿದರು. ಬೀಡುಕಬ್ಬಿಣಕ್ಕೆ ಹೊರದೇಶಗಳಲ್ಲಿಯೂ ಗಿರಾಕಿಗಳನ್ನು ಹುಡುಕಲಾಯಿತು. 1929ರವರೆಗಿನ ಅವರ ಪರಿಶ್ರಮದಿಂದ ಮುಚ್ಚಿಹೋಗಬಹುದಾಗಿದ್ದ ಕಾರ್ಖಾನೆಯು ತನ್ನ ಕಾಲ ಮೇಲೆ ನಿಲ್ಲುವ ಸ್ಥಿತಿಗೆ ಬಂದಿತು. ಈ ಅವಧಿಯಲ್ಲಿ ಅವರು ಸಂಬಳವನ್ನು ಪಡೆಯದೆ ದುಡಿದರು. ಮುಂದೆ ಸರ್ಕಾರವು ಅದನ್ನು ಕೊಡಲು ಮುಂದಾದಾಗ, ಆ ಹಣದಿಂದ ತರುಣರಿಗೆ ಕಸುಬು ಕಲಿಸುವ ಶಾಲೆಯೊಂದನ್ನು ತೆರೆಯುವಂತೆ ಸೂಚಿಸಿದರು. ಅದಕ್ಕೆ ತಮ್ಮ ಹೆಸರನ್ನಿಡಲು ಒಪ್ಪಲಿಲ್ಲ. ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಔದ್ಯೋಗಿಕ ಸಂಸ್ಥೆಯು ಹೀಗೆ ಹುಟ್ಟಿತು.

ಬೀಡುಕಬ್ಬಿಣವು ಗಡುಸಾದರೂ ಪೆಡಸು. ಪೆಟ್ಟು ಬಿದ್ದರೆ ಒಡೆಯುತ್ತದೆ. ಅದರಲ್ಲಿರುವ ಇಂಗಾಲವನ್ನು ತಗ್ಗಿಸಿದಾಗ ಉಕ್ಕಾಗುತ್ತದೆ. ಕಾಯಿಸಿದ ಉಕ್ಕಿನ ಗಟ್ಟಿಯನ್ನು ತಿರುಗುವ ಉರುಳೆಗಳ ನಡುವೆ ಮತ್ತೆ ಮತ್ತೆ ಹಾಯಿಸಿದರೆ ಅದು ನೀಳವಾಗಿ, ಸಲಾಕೆಯೋ ಪಟ್ಟಿಯೋ ಆಗುತ್ತದೆ. ಕಮ್ಮಾರನ ಸುತ್ತಿಗೆ ಮಾಡುತ್ತಿದ್ದ ಕೆಲಸವನ್ನೇ ಇಲ್ಲಿ ಉರುಳೆಗಳು ಮಾಡುತ್ತವೆ. 1936ರಲ್ಲಿ ಭದ್ರಾವತಿಯಲ್ಲಿ ಉಕ್ಕಿನ ತಯಾರಿಕೆ ಆರಂಭವಾಯಿತು. 1952ರಲ್ಲಿ ವಿದ್ಯುತ್ ಕುಲುಮೆಗಳು ಬಂದುದರಿಂದ ಕಾಡಿನ ಮೇಲಿನ ಭಾರವೂ ಕಡಿಮೆಯಾಯಿತು.

ವಿಶ್ವೇಶ್ವರಯ್ಯನವರ ಅನುಭವವು ಮೈಸೂರಿಗಷ್ಟೇ ಮೀಸಲಾಗಲಿಲ್ಲ. 1927ರಿಂದ 1955ರವರೆಗೆ ಅವರು ಟಾಟಾ ಕಬ್ಬಿಣ ಮತ್ತು ಉಕ್ಕಿನ ಕಂಪೆನಿಯ ನಿರ್ದೇಶಕರಾಗಿದ್ದರು. 1955ರಲ್ಲಿ ಭಾರತರತ್ನ ಪ್ರಶಸ್ತಿ ಅವರಿಗೆ ಸಂದಿತು. 1962ರ ಏಪ್ರಿಲ್‌ನಲ್ಲಿ, ನೂರು ವರ್ಷಗಳ ತುಂಬು ಬಾಳನ್ನು ಬಾಳಿ, ಅವರು ದಿವಂಗತರಾದರು. ಅವರ ಜನ್ಮದಿನವಾದ ಸೆಪ್ಟೆಂಬರ್ 15ನ್ನು ದೇಶವು ಇಂಜಿನಿಯರುಗಳ ದಿನವೆಂದು ಆಚರಿಸುತ್ತದೆ.

ಅವರ ಹೆಸರನ್ನೇ ಹೊತ್ತ ಭದ್ರಾವತಿಯ ಕಾರ್ಖಾನೆಯು 1998ರಲ್ಲಿ ಭಾರತೀಯ ಉಕ್ಕು ಪ್ರಾಧಿಕಾರದಲ್ಲಿ ವಿಲೀನವಾಯಿತು. ದೊಡ್ಡ ಕಾರ್ಖಾನೆಗಳ ಸ್ಪರ್ಧೆಯೆದುರು ಅದು ಸೊರಗಿತು. 2023ರಲ್ಲಿ ಅದನ್ನು ಮುಚ್ಚುವ ತೀರ್ಮಾನವು ಪ್ರಕಟವಾದಾಗ ಕಾರ್ಮಿಕರೂ ನಾಡಿನ ಜನರೂ ಅದನ್ನು ಉಳಿಸಿಕೊಳ್ಳಬೇಕೆಂದು ದನಿಯೆತ್ತಿದರು. ಯಂತ್ರಗಳು ಹಳೆಯವಾಗುತ್ತವೆ, ಮಾರುಕಟ್ಟೆ ಏರಿಳಿಯುತ್ತದೆ. ಆದರೆ ತಾನು ಆರಂಭಿಸಿದ ಕಾರ್ಯವು ಕಷ್ಟಕ್ಕೆ ಸಿಲುಕಿದಾಗ ಬೆನ್ನು ತಿರುಗಿಸದೆ, ಪ್ರತಿಫಲವನ್ನೂ ಬಯಸದೆ, ಅದರ ಹೊಣೆಯನ್ನು ಹೊತ್ತು ನಿಲ್ಲುವ ಗುಣಕ್ಕೆ ಹಳೆಯದಾಗುವ ಭಯವಿಲ್ಲ. ಉಕ್ಕು ಬೆಂಕಿಯಲ್ಲಿ ಬೆಂದು ಹದಗೊಳ್ಳುವಂತೆ ಕಷ್ಟದಲ್ಲಿ ಹದಗೊಂಡ ವ್ಯಕ್ತಿತ್ವ ವಿಶ್ವೇಶ್ವರಯ್ಯನವರದು.